ವಿದೇಶದ ಹಳ್ಳಿಗಳ ವೈದ್ಯಕೀಯ ಶಿಬಿರಕ್ಕೆ ಹಣ ಕೂಡಿಸುವವರು ದಯವಿಟ್ಟು ಇದನ್ನು ಓದಿ

ವಿದೇಶದ ಹಳ್ಳಿಗಳಲ್ಲಿ ಉಚಿತ ವೈದ್ಯಕೀಯ ಶಿಬಿರ ಏರ್ಪಡಿಸುತ್ತೇವೆ, ನೀವು ಸ್ವಯಂಸೇವಕರನ್ನೂ ದೇಣಿಗೆಯನ್ನೂ ಹೊಂದಿಸಿಕೊಟ್ಟರೆ ಸಾಕು, ಉಳಿದ ಹೊಣೆಯೆಲ್ಲ ನಮ್ಮದು ಎಂದು ಯಾವುದಾದರೂ ಸಂಸ್ಥೆ ನಿಮ್ಮ ಬಳಿ ಬಂದಿದ್ದರೆ, ಒಂದು ಕಾಸನ್ನೂ ಕಳುಹಿಸುವ ಮೊದಲು ಇದನ್ನು ಪೂರ್ತಿಯಾಗಿ ಓದಿ. ಲೆಕ್ಕದ ವಿವಾದ ಇನ್ನೂ ಮುಗಿದಿಲ್ಲವಾದ್ದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಆದರೆ ನಡೆದದ್ದನ್ನು ಮುಚ್ಚಿಡಲಾರೆ, ಏಕೆಂದರೆ ಅದೇ ಕರಪತ್ರವನ್ನೂ ಅದೇ ಛಾಯಾಚಿತ್ರಗಳನ್ನೂ ಹಿಡಿದು ಅವರು ಈಗ ಬೇರೆ ತಂಡಗಳನ್ನು ಸಂಪರ್ಕಿಸುತ್ತಿದ್ದಾರೆ.

ನಮ್ಮದು ವೈದ್ಯರು, ದಾದಿಯರು ಮತ್ತು ಒಬ್ಬ ಫಾರ್ಮಸಿಸ್ಟ್ ಸೇರಿದ ಸಣ್ಣ ತಂಡ. ಪ್ರಯಾಣದ ಖರ್ಚನ್ನು ನಾವೇ ಭರಿಸಿದೆವು. ದಾನಿಗಳಿಂದ ಬಂದ ಹಣ ಮೂರು ಕೆಲಸಗಳಿಗೆ ಮಾತ್ರ ಮೀಸಲೆಂದು ಬರಹದಲ್ಲೇ ಒಪ್ಪಂದವಾಗಿತ್ತು: ಔಷಧಿ, ಆ ದೇಶದ ವೈದ್ಯಕೀಯ ಪರಿಷತ್ತಿನಿಂದ ನಮ್ಮ ವೈದ್ಯರಿಗೆ ತಾತ್ಕಾಲಿಕ ಪರವಾನಗಿ, ಮತ್ತು ಶಿಬಿರದ ನಂತರ ರೋಗಿಗಳನ್ನು ನೋಡಿಕೊಳ್ಳುವ ಸ್ಥಳೀಯ ಚಿಕಿತ್ಸಾಲಯಕ್ಕೆ ನೆರವು. ಮೂರನೆಯದೇ ನಮಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ರಕ್ತದೊತ್ತಡವನ್ನೋ ಮಧುಮೇಹವನ್ನೋ ಪತ್ತೆಹಚ್ಚಿ, ಒಂದು ತಿಂಗಳ ಮಾತ್ರೆ ಕೈಗಿತ್ತು ಹೊರಟುಬಂದರೆ, ಆ ರೋಗಿಗೆ ಮುಂದಿನ ತಿಂಗಳು ಯಾರು ದಿಕ್ಕು? ಈ ಪ್ರಶ್ನೆಯನ್ನು ನಾವು ಮತ್ತೆ ಮತ್ತೆ ಕೇಳಿದ್ದೆವು. ಪ್ರತಿಸಲವೂ ಅವರು ಆ ಚಿಕಿತ್ಸಾಲಯದ ಮೊಹರು ಮತ್ತು ಸಹಿ ಇದ್ದ ಒಡಂಬಡಿಕೆ ಪತ್ರವನ್ನೇ ತೋರಿಸಿದರು.

ಹಳ್ಳಿಗೆ ತಲುಪಿದಾಗ ಜನ ಆಗಲೇ ಸೇರಿದ್ದರು. ವಿದೇಶದಿಂದ ವೈದ್ಯರು ಬರುತ್ತಾರೆಂಬ ಪ್ರಚಾರವಾಗಿತ್ತು. ವಯಸ್ಸಾದವರು, ಬಸುರಿಯರು ದೂರದಿಂದ ನಡೆದು ಬಂದಿದ್ದರು. ಚಿಕಿತ್ಸಾಲಯದ ಮುಖ್ಯ ದಾದಿ ಮಕ್ಕಳಿಗೆ ಲಸಿಕೆ ಹಾಕುವುದರಲ್ಲಿ ತೊಡಗಿದ್ದರು. ನಾವು ಪರಿಚಯ ಹೇಳಿಕೊಂಡಾಗ ಅವರು, “ಶಿಬಿರವೇ? ಯಾರ ಶಿಬಿರ?” ಎಂದು ಕೇಳಿದರು. ಒಡಂಬಡಿಕೆ ಪತ್ರವನ್ನು ಅವರ ಕೈಗೆ ಕೊಟ್ಟೆ. ನಿಧಾನವಾಗಿ ಓದಿದರು, ಕೊನೆಯ ಪುಟಕ್ಕೆ ಬಂದು ಸಹಿಯನ್ನು ನೋಡಿದರು. ಸಹಿ ಮಾಡಿದ್ದ ವ್ಯಕ್ತಿ ಅಲ್ಲಿಯ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಪತ್ರದ ದಿನಾಂಕ ಆಮೇಲಿನದು. ಯಾವ ಹಣವೂ ಚಿಕಿತ್ಸಾಲಯಕ್ಕೆ ಬಂದಿರಲಿಲ್ಲ. ಅವರು ನಮ್ಮ ಮೇಲೆ ಕೂಗಾಡಲಿಲ್ಲ. “ನಾಳೆ ಇವರೆಲ್ಲ ಮಾತ್ರೆ ಮುಗಿಯಿತೆಂದು ನನ್ನ ಹತ್ತಿರವೇ ಬರುತ್ತಾರೆ, ಆಗ ನಾನು ಏನು ಕೊಡಲಿ?” ಎಂದಷ್ಟೇ ಕೇಳಿದರು. ಅಷ್ಟು ಜನರ ಎದುರಿನಲ್ಲಿ ನಾನು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಆ ಅವಮಾನ ಇಂದಿಗೂ ಆರಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಬಂದರು. ನಮ್ಮ ವೈದ್ಯರ ಹೆಸರಿನಲ್ಲಿ ಪರವಾನಗಿಗೆ ಅರ್ಜಿಯೇ ಸಲ್ಲಿಕೆಯಾಗಿರಲಿಲ್ಲ. ರೋಗಿಗಳನ್ನು ಮುಟ್ಟಬಾರದೆಂದು ಅವರು ಹೇಳಿದರು, ಅದು ಸರಿಯಾದ ನಿರ್ಧಾರ. ತಮ್ಮ ಜನರನ್ನು ಯಾರು ಪರೀಕ್ಷಿಸುತ್ತಿದ್ದಾರೆಂದು ತಿಳಿಯುವುದು ಅವರ ಹಕ್ಕು.

ಔಷಧಿಯ ಪೆಟ್ಟಿಗೆಗಳನ್ನು ತೆರೆದ ನಮ್ಮ ಫಾರ್ಮಸಿಸ್ಟ್ ಕಂಡದ್ದು, ಇನ್ನು ಕೆಲವೇ ವಾರಗಳಲ್ಲಿ ಅವಧಿ ಮುಗಿಯಲಿದ್ದ ಮಾತ್ರೆಗಳು, ಮತ್ತು ಅರ್ಧ ಬಳಸಿ ಯಾರೋ ಹಿಂದಿರುಗಿಸಿದ್ದ ಮಾತ್ರೆಯ ಸ್ಟ್ರಿಪ್‌ಗಳು. ವಿಶ್ವ ಆರೋಗ್ಯ ಸಂಸ್ಥೆ ಔಷಧಿ ದಾನಕ್ಕೆ 1996ರಲ್ಲೇ ಮಾರ್ಗಸೂಚಿ ಹೊರಡಿಸಿ, 1999ರಲ್ಲೂ 2010ರಲ್ಲೂ ಪರಿಷ್ಕರಿಸಿದೆ. ದಾನದ ಔಷಧಿ ತಲುಪಿದ ಮೇಲೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು, ರೋಗಿಗಳಿಗೆ ಒಮ್ಮೆ ಕೊಟ್ಟು ಹಿಂಪಡೆದದ್ದನ್ನು ಕಳುಹಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಇದೇ ಮಾರ್ಗಸೂಚಿಯನ್ನು ಪಾಲಿಸುತ್ತೇವೆಂದು ಅವರ ಕರಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ದಾನಿಗಳ ಹಣದಲ್ಲಿ ಕೊಂಡ ಹೊಸ ಔಷಧಿ ಎಲ್ಲಿ ಹೋಯಿತು?

ಇನ್ನು ಆ ಸಂಸ್ಥೆಯವರ ಉತ್ತರಗಳು. ಮೊದಲ ದೂರವಾಣಿ ಕರೆಯಲ್ಲಿ, “ಸಣ್ಣ ಸಂವಹನದ ಕೊರತೆ, ಸಂಜೆಯೊಳಗೆ ಸರಿಪಡಿಸುತ್ತೇವೆ” ಎಂದರು. ಸಂಜೆಯಾಯಿತು, ಯಾರೂ ಬರಲಿಲ್ಲ. ಪರವಾನಗಿಯ ಬಗ್ಗೆ ಕೇಳಿದ್ದಕ್ಕೆ, “ಇಂಥ ಊರುಗಳಲ್ಲಿ ಅದನ್ನೆಲ್ಲ ಯಾರೂ ಕೇಳುವುದಿಲ್ಲ” ಎಂದರು. ಔಷಧಿಯ ಬಗ್ಗೆ ಕೇಳಿದ್ದಕ್ಕೆ ಬಂದ ಉತ್ತರವನ್ನು ಓದಿ ನನ್ನ ಕೈ ನಡುಗಿತು: “ಏನೂ ಇಲ್ಲದವರಿಗೆ ಏನಾದರೂ ಸಿಕ್ಕರೆ ಒಳ್ಳೆಯದೇ ಅಲ್ಲವೇ?” ಒಳ್ಳೆಯದಲ್ಲ. 1992ರಿಂದ 1996ರವರೆಗೆ ಯುದ್ಧಪೀಡಿತ ಬೋಸ್ನಿಯಾಕ್ಕೆ ಹೀಗೆ ದಾನವಾಗಿ ಬಂದು ಬಿದ್ದ ನಿರುಪಯುಕ್ತ ಔಷಧಿಯ ಪ್ರಮಾಣ ಸುಮಾರು 17,000 ಟನ್ ಎಂಬ ಅಂದಾಜಿದೆ. ಅದನ್ನು ವಿಲೇವಾರಿ ಮಾಡುವ ಭಾರ ನೊಂದ ದೇಶದ ತಲೆಯ ಮೇಲೇ ಬಿತ್ತು. ಬಡವರೆಂದ ಮಾತ್ರಕ್ಕೆ ಅವರಿಗೆ ಕಸವನ್ನು ಕೊಡಬಹುದೇ?

ಹಣದ ಲೆಕ್ಕ ಕೇಳಿ ಬರೆದ ಪತ್ರಗಳಿಗೆ ಬಹಳ ದಿನ ಉತ್ತರವೇ ಇರಲಿಲ್ಲ. ಕೊನೆಗೆ ಬಂದ ಉತ್ತರದಲ್ಲಿ, “ದೇಣಿಗೆಯು ಸಂಸ್ಥೆಯ ಸಾಮಾನ್ಯ ನಿಧಿಗೆ ಜಮೆಯಾಗಿದ್ದು, ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಲು ಬರುವುದಿಲ್ಲ” ಎಂದಿತ್ತು. ಮೂರು ಉದ್ದೇಶಗಳಿಗೆ ಮೀಸಲಿಟ್ಟ ಹಣ ಸಾಮಾನ್ಯ ನಿಧಿಗೆ ಸೇರಿದ್ದು ಯಾರ ಒಪ್ಪಿಗೆಯಿಂದ? ಅದಕ್ಕೆ ಉತ್ತರವಿಲ್ಲ. ಅದರ ಬದಲು, “ನೀವು ಇದನ್ನು ಹೊರಗೆ ಹೇಳಿದರೆ ನಷ್ಟವಾಗುವುದು ಆ ಹಳ್ಳಿಯ ಬಡವರಿಗೇ” ಎಂಬ ಎಚ್ಚರಿಕೆ ಬಂತು. ಆ ಬಡವರ ಹೆಸರಿನಲ್ಲಿ ಹಣ ಎತ್ತಿದವರು, ಅದೇ ಬಡವರನ್ನು ಮುಂದಿಟ್ಟುಕೊಂಡು ನಮ್ಮ ಬಾಯಿ ಮುಚ್ಚಿಸಲು ನೋಡಿದರು.

ಆದ್ದರಿಂದ ಹೇಳುತ್ತೇನೆ, ಮಧ್ಯವರ್ತಿಯ ಮಾತಿನ ಮೇಲೆ ಹಣ ಕೂಡಿಸಲು ಹೊರಡಬೇಡಿ. ಚಿಕಿತ್ಸಾಲಯದ ಈಗಿನ ಮುಖ್ಯಸ್ಥರೊಂದಿಗೆ ನೀವೇ ನೇರವಾಗಿ ಮಾತನಾಡಿ, ಅವರ ಸಂಖ್ಯೆಯನ್ನು ಮಧ್ಯವರ್ತಿಯಿಂದಲ್ಲ, ಜಿಲ್ಲಾ ಆರೋಗ್ಯ ಕಚೇರಿಯಿಂದ ಪಡೆಯಿರಿ. ಪರವಾನಗಿಯ ಅರ್ಜಿ ಸಂಖ್ಯೆಯನ್ನು ಕೇಳಿ ಪಡೆದು, ಆ ದೇಶದ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಿ. ಅವಧಿಯ ದಿನಾಂಕಗಳಿರುವ ಔಷಧಿ ಪಟ್ಟಿ ಕೈಸೇರದೆ ಔಷಧಿಯ ಹಣವನ್ನು ಬಿಡಬೇಡಿ. ಚಿಕಿತ್ಸಾಲಯದ ಪಾಲನ್ನು ಚಿಕಿತ್ಸಾಲಯದ ಖಾತೆಗೇ ಕಟ್ಟಿ. ಇದಕ್ಕೆ “ನಂಬಿಕೆಯಿಲ್ಲವೇ?” ಎಂದು ಮುನಿಸಿಕೊಳ್ಳುವವರ ಜೊತೆ ಕೆಲಸ ಮಾಡಲೇಬೇಡಿ, ನಮ್ಮೊಂದಿಗೂ ಅವರು ಹಾಗೆಯೇ ಮುನಿಸಿಕೊಂಡಿದ್ದರು.

ನಮ್ಮ ದಾನಿಗಳೆಲ್ಲರಿಗೂ ನಡೆದದ್ದನ್ನು ಬರೆದು ತಿಳಿಸಿದ್ದೇವೆ, ಹಣ ವಾಪಸಾಗುವವರೆಗೆ ಬೆನ್ನು ಬಿಡುವುದಿಲ್ಲ. ಇಂಥದೇ ಪ್ರಸ್ತಾವ ನಿಮ್ಮ ತಂಡಕ್ಕೂ ಬಂದಿದ್ದರೆ ತಿಳಿಸಿ; ನಮ್ಮಲ್ಲಿರುವ ಒಡಂಬಡಿಕೆಯ ಪ್ರತಿಯನ್ನೂ ಅವರ ಉತ್ತರಗಳನ್ನೂ ನಿಮಗೆ ಕಳುಹಿಸುತ್ತೇನೆ, ಸಹಿಯನ್ನು ಹೋಲಿಸಿ ನೋಡಬಹುದು.