ಚೇರಂಬಾಣೆ ಮಳೆಗೆ ಪಿವಿಸಿ ಗಟರ್, ಸಿಮೆಂಟ್ ಹಲಗೆ: 2019ರಿಂದ ಬಳಸಿದ ಮೇಲೆ ನನ್ನ ಮಾತು

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಚೇರಂಬಾಣೆ ಹತ್ತಿರ. ಮಂಗಳೂರು ಹಂಚಿನ ಮಾಡು, ಸುತ್ತ ಕಾಫಿ ತೋಟ, ನೆರಳಿಗೆ ಸಿಲ್ವರ್ ಓಕ್. 2018ರ ಆಗಸ್ಟ್ ಮಳೆ, ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ಹಳೆಯ ತಗಡಿನ ಗಟರನ್ನು ಪೂರ್ತಿ ಹಾಳು ಮಾಡಿತು. ಮರುವರ್ಷದ ಬೇಸಿಗೆಯಲ್ಲಿ ಮನೆಯ ಮೂರು ಕಡೆ ಪಿವಿಸಿ ಗಟರ್ ಹಾಕಿಸಿದೆವು. ಕೊಳೆತ ಸೂರಿನ ಹಲಗೆಗಳನ್ನೂ ಆಗಲೇ ಬದಲಾಯಿಸಿದೆವು. ಅಂಗಡಿಯಲ್ಲಿ ಕೇಳಿದರೆ ಎಲ್ಲ ಗಟರೂ ಒಳ್ಳೆಯದೇ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಕೈಕೊಡುತ್ತದೆ ಅನ್ನುವುದು ಕೆಲವು ವರ್ಷ ಬಳಸಿದ ಮೇಲೆಯೇ ಗೊತ್ತಾಗುವುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಟರ್ ಜಾಯಿಂಟ್‌ನಲ್ಲಿ ಸೋರಿ ಅಂಗಳಕ್ಕೆ ನೀರು ಬಿದ್ದರೆ ಅದು ಸಣ್ಣ ತೊಂದರೆ. ಗಟರ್‌ನ ಹಿಂದೆ, ಹಲಗೆ ಮೇಲೆ ಇಳಿಯುವ ನೀರೇ ಮನೆ ಹಾಳು ಮಾಡುವುದು. ಯಾವ ಕಂಪನಿಯ ಗಟರ್ ತಗೊಂಡರೂ ಸರಿ, ಹಿಂದಿನ ನೀರು ನಿಲ್ಲಿಸದಿದ್ದರೆ ದುಡ್ಡು ದಂಡ.

ನಮ್ಮ ಹಳೆಯ ಹಲಗೆಯನ್ನೇ ನೋಡಿ. ಹೊರಗಿನಿಂದ ಪೇಂಟ್ ಚೆನ್ನಾಗಿಯೇ ಇತ್ತು. ಬಡಗಿ ಏಣಿ ಹತ್ತಿ ಸ್ಕ್ರೂಡ್ರೈವರ್‌ನ ತುದಿಯನ್ನು ಹಲಗೆಯ ಕೆಳ ಅಂಚಿಗೆ ಸುಮ್ನೆ ಒತ್ತಿದರು. ಅದು ಅರ್ಧಕ್ಕಿಂತ ಜಾಸ್ತಿ ಒಳಗೆ ಇಳಿಯಿತು. ಹೊರಗೆ ಎಳೆದಾಗ ಕಂದು ಬಣ್ಣದ ಒದ್ದೆ ಪುಡಿ ಮೆತ್ತಿಕೊಂಡಿತ್ತು. ಹಲಗೆ ಬಿಚ್ಚಿ ಕೆಳಗಿಳಿಸಿದರೆ ಹಿಂಭಾಗಕ್ಕೆ ಪೇಂಟೇ ಬಳಿದಿರಲಿಲ್ಲ. ಮರ ಸಣ್ಣ ಸಣ್ಣ ಚೌಕವಾಗಿ ಬಿರಿದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. "ಇದು ಗಟರ್ ತೂತಿನಿಂದ ಆದದ್ದಲ್ಲ ಮಾರಾಯ್ರೆ. ಹಂಚಿನ ಅಡಿಯಿಂದ ಇಳಿದ ನೀರು" ಅಂದರು ಬಡಗಿ.

ಅವರು ಹೇಳಿದ್ದು ಸರಿ. ಹಂಚಿನ ತುದಿಗೆ ಬಂದ ನೀರೆಲ್ಲ ನೇರವಾಗಿ ಗಟರ್‌ಗೆ ಬೀಳುವುದಿಲ್ಲ. ಸ್ವಲ್ಪ ಹಂಚಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಸರಿಯುತ್ತದೆ. ಪಡುವಣ ಗಾಳಿ ಬೀಸಿದರೆ ಇನ್ನೂ ಒಳಗೆ ನುಗ್ಗುತ್ತದೆ. ಮಡಿಕೇರಿಯಲ್ಲೇ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಭಾಗಮಂಡಲದ ಕಡೆ ಅದಕ್ಕೂ ಹೆಚ್ಚು. ಮರದಲ್ಲಿ ತೇವಾಂಶ ಸುಮಾರು 20 ಶೇಕಡಾ ದಾಟಿ ಹಾಗೇ ಉಳಿದರೆ ಕೊಳೆಸುವ ಬೂಷ್ಟು ಬೆಳೆಯತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒದ್ದೆ ಹಲಗೆ ಒಣಗುವುದಾದರೂ ಯಾವಾಗ? ಪೇಂಟ್ ಮುಂದೆ ಮಾತ್ರ ಇದ್ದರೆ ಒಳಗೆ ಹೋದ ನೀರು ಹೊರಗೆ ಬರಲೂ ಬಿಡುವುದಿಲ್ಲ.

ಅದಕ್ಕೇ ಈ ಸಲ ಕೊನೆಯ ಸಾಲಿನ ಹಂಚಿನ ಅಡಿಗೆ ಉದ್ದಕ್ಕೂ ಒಂದು ಮಡಚಿದ ತಗಡು ಕೂರಿಸಿದೆವು. ಒಂದು ಅಂಚು ರೀಪಿನ (ಹಂಚು ಕೂರುವ ಅಡ್ಡಪಟ್ಟಿ) ಮೇಲೆ, ಇನ್ನೊಂದು ಅಂಚು ಬಗ್ಗಿ ಗಟರ್‌ನ ಒಳಗೆ. ಹಿಂದಕ್ಕೆ ಸರಿದ ನೀರು ಆ ತಗಡಿನ ಮೇಲೆ ಬಿದ್ದು ಗಟರ್‌ಗೇ ಇಳಿಯುತ್ತದೆ. ಹಂಚು ಗಟರ್‌ನ ಒಳಕ್ಕೆ ಎರಡು ಇಂಚು ಚಾಚಿರಬೇಕು. ಗಟರ್‌ನ ಮುಂದಿನ ಅಂಚು ಹಿಂದಿನ ಅಂಚಿಗಿಂತ ಸ್ವಲ್ಪ ತಗ್ಗಿರಬೇಕು. ಆಗ ತುಂಬಿ ಉಕ್ಕಿದರೂ ನೀರು ಅಂಗಳಕ್ಕೆ ಬೀಳುತ್ತದೆ, ಗೋಡೆಗಲ್ಲ. ಇಡೀ ಕೆಲಸದಲ್ಲಿ ಕಡಿಮೆ ಖರ್ಚಾದದ್ದು ಈ ತಗಡಿಗೆ, ಜಾಸ್ತಿ ಉಪಕಾರ ಆದದ್ದೂ ಇದರಿಂದಲೇ. ಹಾಕುವವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ ಹಾಕಿಸಿಕೊಳ್ಳಬೇಕು.

ಇನ್ನು ಗಟರ್. ನಾವು ತಗೊಂಡದ್ದು ಆರು ಇಂಚು ಅಗಲದ್ದು. ತೋಟದವರಿಗೆ ಮಳೆ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲೇ ಸುಲಭ, ಹಾಗೇ ಹೇಳುತ್ತೇನೆ. 50 ಚದರ ಮೀಟರ್ ಜಾಗ ಮುಚ್ಚುವ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 1,270 ಲೀಟರ್ ನೀರು. ಅದು ಅರ್ಧ ಗಂಟೆಯಲ್ಲಿ ಸುರಿದು, ಮೇಲೆ ಎಲೆ ಕಸವೂ ಸೇರಿದರೆ ನಾಲ್ಕು ಇಂಚಿನ ಗಟರ್ ಉಕ್ಕದೇ ಇರುತ್ತದಾ? ನಾವು ಉದ್ದದ ಬದಿಗೆ ಎರಡೂ ತುದಿಯಲ್ಲಿ ಇಳಿಪೈಪ್ ಕೊಟ್ಟೆವು, ನಡುವಿನಿಂದ ಎರಡು ಕಡೆಗೂ ಇಳಿಜಾರು. ಮೀಟರ್‌ಗೆ 3 ಮಿಲಿಮೀಟರ್ ಇಳಿಜಾರು ಸಾಕು. ಹತ್ತು ಮೀಟರ್‌ಗೆ ಮೂರು ಸೆಂಟಿಮೀಟರ್ ಅಷ್ಟೇ, ಕಣ್ಣಿಗೆ ಸೊಟ್ಟ ಕಾಣುವುದಿಲ್ಲ. ಕಣ್ಣಳತೆಯಲ್ಲಿ ಹಾಕಲು ಬಿಡಬೇಡಿ, ನೂಲು ಕಟ್ಟಿಸಿ.

ತುಕ್ಕಿಲ್ಲ, ಹಗುರ, ಮಳೆ ಬಿದ್ದಾಗ ತಗಡಿನಷ್ಟು ಸದ್ದಿಲ್ಲ. ಪಡುವಣ ಬದಿಯಲ್ಲಿ ಬಣ್ಣ ಮಂಕಾಗಿದೆ, ಕೈ ಆಡಿಸಿದರೆ ಬಿಳಿ ಪುಡಿ ಹತ್ತುತ್ತದೆ. ಬಿರುಕು ಬಿಟ್ಟಿಲ್ಲ.

ಜೋರಾಗಿ ಸೋರಿದ್ದು ಒಂದೇ ಜಾಗದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ತುಂಬಾ ಮನೆಗಳಲ್ಲಿ ಆಗುತ್ತದೆ. ಪಿವಿಸಿ ಬಿಸಿಲಿಗೆ ಉದ್ದವಾಗುತ್ತದೆ, ಚಳಿಗೆ ಕುಗ್ಗುತ್ತದೆ. ನಾಲ್ಕು ಮೀಟರ್ ಉದ್ದದ ತುಂಡು 30 ಡಿಗ್ರಿ ವ್ಯತ್ಯಾಸಕ್ಕೆ ಏಳು ಮಿಲಿಮೀಟರ್‌ನಷ್ಟು ಹಿಗ್ಗುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಜಗಲಿಯಲ್ಲಿ ಕೂತರೆ ಟಕ್ ಟಕ್ ಅಂತ ಕೇಳುವುದು ಇದೇ. ಅದಕ್ಕಾಗಿಯೇ ಜಾಯಿಂಟ್‌ನ ಒಳಗೆ ರಬ್ಬರ್ ಪಟ್ಟಿ ಇರುತ್ತದೆ, ತುಂಡು ಎಲ್ಲಿವರೆಗೆ ತೂರಿಸಬೇಕು ಅನ್ನುವ ಗೆರೆಯೂ ಇರುತ್ತದೆ. ನಮ್ಮ ಮನೆಗೆ ಬಂದ ಕೆಲಸದ ಹುಡುಗರು ಒಂದು ಮೂಲೆಯಲ್ಲಿ ಗೆರೆ ದಾಟಿ ಗಟ್ಟಿಯಾಗಿ ನೂಕಿ, ಮೇಲಿಂದ ಪೈಪ್ ಅಂಟನ್ನೂ ಹಚ್ಚಿಬಿಟ್ಟಿದ್ದರು. ಹಿಗ್ಗಲು ಜಾಗವಿಲ್ಲದೆ ಮೂಲೆ ಬಾಯಿ ಬಿಟ್ಟಿತು. ಆ ಮೂಲೆಯ ತುಂಡನ್ನೇ ಬದಲಾಯಿಸಿದ ಮೇಲೆ ನಿಂತಿತು. ಬೇರೆ ಜಾಯಿಂಟ್‌ಗಳಲ್ಲಿ ಒಮ್ಮೊಮ್ಮೆ ತೊಟ್ಟಿಕ್ಕಿದ್ದಿದೆ. ಬಿಚ್ಚಿ ನೋಡಿದರೆ ರಬ್ಬರ್ ಅಡಿಯಲ್ಲಿ ಸಿಲ್ವರ್ ಓಕ್ ಎಲೆಯ ದಂಟಿನ ಚೂರೋ, ಪಾಚಿಯ ಮಣ್ಣೋ ಸಿಕ್ಕಿಕೊಂಡಿರುತ್ತದೆ. ಒರೆಸಿ ಮತ್ತೆ ಕೂರಿಸಿದರೆ ಮುಗಿಯಿತು, ಸಿಲಿಕೋನ್ ಅಂಟು ಬೇಡವೇ ಬೇಡ.

ಎಲೆ ತಡೆಯಲು ಗಟರ್ ಉದ್ದಕ್ಕೂ ಜಾಲರಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮರಗಳಿಗೆ ಅದು ಆಗುವುದಿಲ್ಲ. ಸಿಲ್ವರ್ ಓಕ್ ಎಲೆ ಜರಿಗಿಡದ ಎಲೆಯ ಹಾಗೆ ಸೀಳು ಸೀಳು. ಜಾಲರಿಯ ಮೇಲೆ ಬಿದ್ದು ಒಂದಕ್ಕೊಂದು ಸಿಕ್ಕಿಕೊಂಡು ಚಾಪೆಯೇ ಆಗುತ್ತದೆ, ನೀರು ಅದರ ಮೇಲಿಂದ ಜಾರಿ ಹೊರಗೆ. ನಾವು ಜಾಲರಿ ತೆಗೆದೆವು. ಇಳಿಪೈಪಿನ ಬಾಯಿಗೆ ಮಾತ್ರ ಒಂದು ತಂತಿ ಬುಟ್ಟಿ ಇಟ್ಟಿದ್ದೇವೆ. ಮೇ ಕೊನೆಗೆ ಒಮ್ಮೆ ಪೂರ್ತಿ ಬಾಚಿ ತೆಗೆಯುತ್ತೇವೆ, ಮಳೆ ನಡುವೆ ಹೊಳವಾದಾಗ ಇನ್ನೊಮ್ಮೆ. ಏಣಿಯನ್ನು ಗಟರ್‌ಗೆ ಒರಗಿಸಬೇಡಿ, ಗೋಡೆಗೆ ಒರಗಿಸಿ. ಪಾಚಿ ಹಿಡಿದ ಅಂಗಳದಲ್ಲಿ ಏಣಿಯ ಬುಡ ಹಿಡಿಯಲು ಒಬ್ಬರು ಇರಲೇಬೇಕು.

ಹಲಗೆ ವಿಷಯಕ್ಕೆ ಬಂದರೆ, ಪಡುವಣ ಮತ್ತು ಅಡುಗೆಮನೆ ಬದಿಗೆ ಸಿಮೆಂಟ್ ಫೈಬರ್ ಹಲಗೆ ಹಾಕಿದೆವು. ಮುಂದಿನ ಜಗಲಿಗೆ ಹಲಸು. ಅಪ್ಪನಿಗೆ ಮನೆ ಮುಂದೆ ಮರವೇ ಬೇಕಿತ್ತು, ನನಗೂ ಅದೇ ಇಷ್ಟ. ಎರಡೂ ಇವತ್ತಿಗೂ ಗಟ್ಟಿಯಾಗಿವೆ. ಸಿಮೆಂಟ್ ಹಲಗೆಗೆ ಗೆದ್ದಲು ಇಲ್ಲ, ಕೊಳೆಯುವ ಮಾತಿಲ್ಲ. ಆದರೆ ಭಾರ, ಎತ್ತಲು ಇಬ್ಬರು ಬೇಕು. ಮೊದಲೇ ತೂತು ಕೊರೆಯದೆ, ಅಂಚಿಗೆ ತೀರಾ ಹತ್ತಿರ ಸ್ಕ್ರೂ ಹಾಕಿದರೆ ಮೂಲೆ ಒಡೆಯುತ್ತದೆ. ಕೊಯ್ದ ಅಂಚಿಗೆ ಪ್ರೈಮರ್ ಬಳಿಯದಿದ್ದರೆ ನೀರು ಹೀರುತ್ತದೆ. ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕೆಲಸದವರಿಗೆ ಒಳ್ಳೆ ಮಾಸ್ಕ್ ಕೊಡಿಸಿ, ಬೇಡ ಅಂದರೂ ಬಿಡಬೇಡಿ. ಇನ್ನೊಂದು ಮಾತು, ಗಟರ್‌ನ ಕೊಕ್ಕೆ ಬರೀ ಹಲಗೆಗೆ ಕೂತರೆ ಸಾಲದು. ಪಕಾಸು (ಮಾಡು ಹೊರುವ ಇಳಿಜಾರಿನ ಮರ) ಇರುವ ಜಾಗ ನೋಡಿ, ಸ್ಕ್ರೂ ಪಕಾಸಿನೊಳಗೆ ಹೋಗಬೇಕು. ಎರಡು ಅಡಿಗೊಂದು ಕೊಕ್ಕೆ.

ಹಲಸಿನ ಹಲಗೆಗೆ ಮೇಲೇರಿಸುವ ಮೊದಲು ನೆಲದಲ್ಲೇ ಆರೂ ಮುಖಕ್ಕೆ ಪ್ರೈಮರ್, ಪೇಂಟ್ ಬಳಿಸಿದೆವು. ಕೊಯ್ದ ತುದಿಗಳಿಗೆ ಒಂದು ಕೋಟ್ ಜಾಸ್ತಿ, ಮರ ನೀರು ಕುಡಿಯುವುದು ಅಲ್ಲಿಂದಲೇ. ಪಕಾಸಿನ ತುದಿಗಳೂ ಕೆಲವು ಮೆತ್ತಗಾಗಿದ್ದವು. ಕೊಳೆತಷ್ಟನ್ನು ಕತ್ತರಿಸಿ, ಪಕ್ಕದಲ್ಲಿ ಹೊಸ ತುಂಡು ಜೋಡಿಸಿ ಬೋಲ್ಟ್ ಹಾಕಿದರು. ಈ ಕೆಲಸ ಬಿಟ್ಟು ಹೊಸ ಹಲಗೆ ಬಡಿದರೆ ಸ್ಕ್ರೂ ಹಿಡಿಯುವುದು ಪುಡಿಗೆ ಅಲ್ವಾ?

ಬೇಸರವಾದದ್ದು ಬಿಡಿಭಾಗದ ವಿಷಯದಲ್ಲಿ. ಕೋತಿಗಳು ಗಟರ್ ಮೇಲೆ ಹಾರಿ ಕೊಕ್ಕೆ ಮುರಿದವು. ಮಡಿಕೇರಿಯಲ್ಲಿ ಹುಡುಕಿದರೆ ನಮ್ಮ ಅಳತೆಯ ಕೊಕ್ಕೆ ಇಲ್ಲ. ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಕೊನೆಗೆ ಮೈಸೂರಿನಿಂದ ತರಿಸಿದೆವು. ಗಟರ್ ತಗೊಳ್ಳುವ ದಿನವೇ ಕೊಕ್ಕೆ, ರಬ್ಬರ್ ಪಟ್ಟಿ, ಒಂದು ಮೂಲೆ ತುಂಡು ಹೆಚ್ಚಿಗೆ ತಂದು ಅಟ್ಟದಲ್ಲಿ ಇಟ್ಟುಬಿಡಿ.

ಕೊಟ್ಟಿಗೆಯ ಕಡೆ ಹಳೆಯ ತಗಡಿನ ಗಟರೇ ಇದೆ. ಅದರ ಜಾಯಿಂಟ್‌ಗಳನ್ನು ಏಪ್ರಿಲ್ ಬಿಸಿಲಲ್ಲಿ ತಂತಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಒಳಬದಿಗೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ) ಅಂಟಿಸಿದೆವು. ಅದಕ್ಕೂ ಮೊದಲು ಹಚ್ಚಿದ್ದ ಸಿಲಿಕೋನ್ ಸುಲಿದು ಬಂದಿತ್ತು. ವಿನೆಗರ್ ವಾಸನೆಯ ಸಿಲಿಕೋನ್ ತಗಡಿನ ಸತುವಿನ ಲೇಪವನ್ನೇ ತಿನ್ನುತ್ತದೆ. ತಗಡಿಗೆ ಬೇಕಿದ್ದರೆ ನ್ಯೂಟ್ರಲ್ ಅಂತ ಬರೆದದ್ದನ್ನೇ ಕೇಳಿ. ಟೇಪ್ ಇನ್ನೂ ಹಿಡಿದಿದೆ, ತಗಡಿನ ಅಡಿ ಮಾತ್ರ ತೆಳ್ಳಗಾಗುತ್ತಿದೆ. ಕೊಟ್ಟಿಗೆ ಮೇಲೆ ಸಿಲ್ವರ್ ಓಕ್ ಕೊಂಬೆಗಳು ಬೀಳುವ ಭಯ ಜಾಸ್ತಿ, ಕೋತಿಗಳ ದಾರಿಯೂ ಅದೇ. ಹಾಗಾಗಿ ಅಲ್ಲಿಗೆ ಪಿವಿಸಿ ಬೇಡ, ಅಲ್ಯೂಮಿನಿಯಂ ನೋಡೋಣ ಅಂತಿದ್ದೇವೆ. ನಾಪೋಕ್ಲು, ಭಾಗಮಂಡಲ ಕಡೆ ಅಲ್ಯೂಮಿನಿಯಂ ಗಟರ್ ಹಾಕಿಸಿ ನಾಲ್ಕಾರು ಮಳೆಗಾಲ ಕಂಡವರಿದ್ದರೆ, ಜಾಯಿಂಟ್ ಹೇಗೆ ನಿಂತಿದೆ ಅಂತ ದಯವಿಟ್ಟು ತಿಳಿಸಿ.