ಕಪ್ಪು ಹುಂಜ ತೋರಿಸಿ ಬಿಳಿ ಮರಿ ಕಟ್ಟುತ್ತಾರೆ: ಕಡಕ್‌ನಾಥ್ ಕೊಳ್ಳುವವರೇ, ಎಚ್ಚರ

ದಾವಣಗೆರೆ, ಚಿತ್ರದುರ್ಗದ ಕಡೆ ಕಡಕ್‌ನಾಥ್ ಕೋಳಿ (ಗರಿಯಷ್ಟೇ ಅಲ್ಲ, ಚರ್ಮ, ಮಾಂಸವೂ ಕಪ್ಪಾಗಿರುವ ತಳಿ) ಸಾಕಲು ಹೊರಟಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ಈಗಾಗಲೇ ಕೊಟ್ಟಿದ್ದರೆ ಇನ್ನೂ ಬೇಗ ಓದಿ. ಫಾರಂ ಹೆಸರು ಹಾಕುತ್ತಿಲ್ಲ. ದೂರು ಕೊಡುವ ಹಂತದಲ್ಲಿದ್ದೇನೆ, ಹೆಸರು ಬರೆಯಬೇಡಿ ಎಂದು ವಕೀಲರು ಹೇಳಿದ್ದಾರೆ. ದಾವಣಗೆರೆ ಸುತ್ತಿನ ಒಂದು ಫಾರಂ ಎಂದಷ್ಟೇ ತಿಳಿಯಿರಿ.

ನಾನು ಅಲ್ಲಿಂದ ತಂದದ್ದು ಒಂದು ಹುಂಜ, ಐದು ಹೇಂಟೆಯ ಸೆಟ್ಟು. ಫಾರಂನವನು ಹುಂಜದ ಬಾಯಿ ಬಿಡಿಸಿ ತೋರಿಸಿದ: ನಾಲಿಗೆ ಕಪ್ಪು, ಅಂಗುಳ ಕಪ್ಪು. ರೆಕ್ಕೆಯ ಅಡಿಯ ಗರಿ ಸರಿಸಿ ತೋರಿಸಿದ: ಚರ್ಮ ಕಪ್ಪು. ಹೇಂಟೆಗಳೂ ಹಾಗೆಯೇ. ಪ್ಲಾಸ್ಟಿಕ್ ಹೊದಿಸಿದ ಪ್ರಮಾಣಪತ್ರ ಬೇರೆ, ಗೋಡೆಯಲ್ಲಿ ಧೋನಿ ಫೋಟೋ ಬೇರೆ. ಧೋನಿ ಈ ತಳಿಯ ತವರಾದ ಮಧ್ಯಪ್ರದೇಶದ ಝಾಬುವಾದಿಂದ ಎರಡು ಸಾವಿರ ಮರಿ ತರಿಸಲು ಹೇಳಿದ್ದು ನಿಜ, ಪತ್ರಿಕೆಯಲ್ಲೇ ಬಂದಿತ್ತು. ಧೋನಿಗೂ ಇವನ ಶೆಡ್ಡಿಗೂ ಏನು ಸಂಬಂಧ? "ಮರಿ ಬೆಳೆದ ಮೇಲೆ ನಾವೇ ವಾಪಸ್ ಕೊಳ್ಳುತ್ತೇವೆ ಅಣ್ಣಾ, ಮಾರುಕಟ್ಟೆಯ ಚಿಂತೆಯೇ ನಿಮಗೆ ಬೇಡ" ಎಂದ. ಛಾಪಾ ಕಾಗದದ ಮೇಲೆ ಬರೆದೂ ಕೊಟ್ಟ. ಆ ಕಾಗದದ ಕಥೆ ಆಮೇಲೆ ಹೇಳುತ್ತೇನೆ.

ಕಡಕ್‌ನಾಥ್ ಹೇಂಟೆ ಕಾವಿಗೆ ಸರಿಯಾಗಿ ಕೂರುವುದಿಲ್ಲ, ಸಾಕಿದವರಿಗೆ ಗೊತ್ತಿರುತ್ತದೆ. ಹಾಗಾಗಿ ಮೊಟ್ಟೆಗಳನ್ನು ನಮ್ಮ ಜವಾರಿ ಹೇಂಟೆಗಳ ಅಡಿಗೆ ಇಟ್ಟೆವು. ಮರಿಗಳು ಚೆನ್ನಾಗಿಯೇ ಎದ್ದವು, ಎಲ್ಲವೂ ಕಪ್ಪು ತುಪ್ಪಳ. ಬೆಳೆಯುತ್ತಾ ಬಂದ ಹಾಗೆ ಕೆಲವಕ್ಕೆ ಜುಟ್ಟು ಕೆಂಪಾಗತೊಡಗಿತು. ಫೋಟೋ ಕಳಿಸಿ ಕೇಳಿದರೆ ಧ್ವನಿ ಸಂದೇಶ ಬಂತು: "ಪ್ರಾಯಕ್ಕೆ ಬಂದ ಹುಂಜಕ್ಕೆ ಜುಟ್ಟು ಕೆಂಪಾಗುವುದು ಸಹಜ ಅಣ್ಣಾ, ಕಾಲು ನೋಡಿ, ಕಪ್ಪಿದೆಯೋ ಇಲ್ಲವೋ?" ಕಾಲು ಕಪ್ಪಾಗಿಯೇ ಇತ್ತು. ಗರಿಯೂ ಕಪ್ಪು.

ಮರ್ಯಾದೆ ಹೋದದ್ದು ದುರ್ಗದ ಒಬ್ಬ ಮಿಲಿಟರಿ ಹೋಟೆಲ್ ಯಜಮಾನರ ಮುಂದೆ. ನಾನೇ ಫೋನ್ ಮಾಡಿ ಕರೆಸಿದ್ದೆ. ನಮ್ಮ ಹೊಳಲ್ಕೆರೆ ಕಡೆಗೆ ಬೇರೆ ಕೆಲಸವಿತ್ತೆಂದು ಅಡುಗೆಯವನನ್ನೂ ಕರೆದುಕೊಂಡು ಬಂದರು. ಒಂದನ್ನು ಇಲ್ಲೇ ಕುಯ್ದು ನೋಡೋಣ ಎಂದರು. ನಾನೇ ದಷ್ಟಪುಷ್ಟವಾದ ಹುಂಜ ಹಿಡಿದು ಕೊಟ್ಟೆ. ಬಿಸಿನೀರಿನಲ್ಲಿ ಅದ್ದಿ ಅಡುಗೆಯವನು ಗರಿ ಕೀಳತೊಡಗಿದ. ಎದೆಯ ಗರಿ ಒಂದು ಹಿಡಿ ಬಂತು. ಅಡಿಯಲ್ಲಿ ಬೆಳ್ಳಗಿನ ಚರ್ಮ. ಇನ್ನೊಂದು ಹಿಡಿ ಕಿತ್ತ, ತೊಡೆಯೂ ಬೆಳ್ಳಗೆ. ಮೊಣಕಾಲಿನವರೆಗೆ ಕಪ್ಪು, ಅಲ್ಲಿಂದ ಮೇಲೆ ಅಂಗಡಿಯ ಬ್ರಾಯ್ಲರ್ ಬಣ್ಣ! ಅಡುಗೆಯವನು ಕೈ ನಿಲ್ಲಿಸಿ ಯಜಮಾನರ ಮುಖ ನೋಡಿದ. ಅವರು ಬೈಯಲಿಲ್ಲ, ಅದೇ ಕಷ್ಟ. "ಸ್ವಾಮಿ, ಜವಾರಿ ಕೋಳಿ ನಮಗೆ ದುರ್ಗದಲ್ಲೇ ಸಿಗುತ್ತದೆ" ಎಂದು ಹೇಳಿ ಕಾರು ಹತ್ತಿದರು. ನಮ್ಮ ಬೀದಿಯವರೆಲ್ಲ ನಿಂತು ನೋಡುತ್ತಿದ್ದರು.

ಪಶು ಆಸ್ಪತ್ರೆಯ ವೈದ್ಯರ ಬಳಿ ಹೋದಾಗ ವಿಷಯ ಬಿಡಿಸಿ ಹೇಳಿದರು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಇಡೀ ಮೋಸ ಇರುವುದೇ ಇಲ್ಲಿ. ಗರಿಯ ಬಣ್ಣ ಬೇರೆ, ಚರ್ಮದ ಬಣ್ಣ ಬೇರೆ. ಸಿಲ್ಕಿ ಎಂಬ ಕೋಳಿಗೆ ಗರಿ ಹಾಲಿನಷ್ಟು ಬಿಳಿ ಇರಬಹುದು, ಚರ್ಮ ಮಾತ್ರ ಕಪ್ಪು. ಚರ್ಮ, ಮಾಂಸ, ಮೂಳೆಯ ಹೊದಿಕೆಯವರೆಗೂ ಕಪ್ಪಾಗುವುದಕ್ಕೆ ಕಾರಣ 20ನೆಯ ವರ್ಣತಂತುವಿನ ಒಂದು ಭಾಗ ದ್ವಿಗುಣವಾಗಿರುವುದು. ಅದರಲ್ಲಿ ಇಡಿಎನ್3 ಎಂಬ ವಂಶವಾಹಿ ಇದೆ. ಕಡಕ್‌ನಾಥ್, ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಚೆಮಾನಿ, ಎಲ್ಲದರಲ್ಲೂ ಇದೇ. ಇದು ಪ್ರಬಲ ಗುಣ. ತಂದೆಯಿಂದಾಗಲಿ ತಾಯಿಯಿಂದಾಗಲಿ ಒಂದೇ ಕಡೆಯಿಂದ ಬಂದರೂ ಕೋಳಿ ಕಪ್ಪಾಗಬಹುದು. ಅಂದರೆ ಒಂದೇ ಒಂದು ಅಸಲಿ ಕಡಕ್‌ನಾಥ್ ಹುಂಜ ಇಟ್ಟುಕೊಂಡು, ಕಪ್ಪು ಕಾಲಿನ ಜವಾರಿ ಹೇಂಟೆಗಳ ಜೊತೆ ಬಿಟ್ಟರೆ ಸಾಕು. ಹುಟ್ಟುವ ಮರಿಗಳೆಲ್ಲ ಬಾಯಿ ತೆರೆದರೂ ಕಪ್ಪು, ರೆಕ್ಕೆ ಎತ್ತಿದರೂ ಕಪ್ಪು. ಅವನು ನನಗೆ ಸೆಟ್ಟು ಕಟ್ಟಿದ್ದು ಇಂಥವನ್ನೇ. ಈ ಅರೆತಳಿಗಳನ್ನು ಒಂದಕ್ಕೊಂದು ಕೂಡಿಸಿದರೆ ಸರಾಸರಿ ನಾಲ್ಕು ಮರಿಗೆ ಒಂದು ಬಿಳಿ ಚರ್ಮದ್ದು. ಹತ್ತನೆಯ ತರಗತಿಯ ಬಟಾಣಿ ಗಿಡದ ಲೆಕ್ಕ!

ಅವನಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ನಿಮ್ಮ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಬಣ್ಣ ಬಿಳಿಚಿಕೊಳ್ಳುತ್ತದೆ." ಅದೇ ನೀರು ಕುಡಿದ ತಂದೆ ತಾಯಿ ಕಪ್ಪಾಗಿಯೇ ಇವೆಯಲ್ಲ ಎಂದರೆ ಉತ್ತರ ಬದಲಾಯಿತು: "ಜವಾರಿ ಹೇಂಟೆಯ ಕಾವು ಕೊಟ್ಟಿದ್ದೀರಿ, ಅದರ ಗುಣ ಬಂದಿದೆ." ಕಾವಿನಿಂದ ಬಣ್ಣ ಬರುತ್ತದಂತೆ! ಕೋಳಿ ವ್ಯಾಪಾರ ಮಾಡುವವನ ಬಾಯಿಂದ ಬಂದ ಮಾತಿದು. ಕೊನೆಗೆ, "ನಿಮ್ಮ ಊರಿನ ಹುಂಜ ಬೇಲಿ ಹಾರಿರಬೇಕು ಸಾರ್." ಅಷ್ಟು ಹೊತ್ತಿಗೆ ಅಣ್ಣಾ ಹೋಗಿ ಸಾರ್ ಆಗಿತ್ತು.

ಹುಂಜ ಹಾರಿದ ಮಾತನ್ನು ವೈದ್ಯರಿಗೆ ಹೇಳಿದೆ. ನಕ್ಕರು. ಚರ್ಮದ ಕಪ್ಪನ್ನು ಅಡಗಿಸುವ ಇನ್ನೊಂದು ವಂಶವಾಹಿ ಇದೆ, ಲಿಂಗ ವರ್ಣತಂತುವಿನ ಮೇಲೆ. ಊರಿನ ಹುಂಜದಿಂದ ಅದು ಬಂದಿರಬಹುದು ಎನ್ನೋಣ. ಆದರೆ ಅದು ಇದ್ದರೆ ಕಾಲಿನ ಕಪ್ಪೂ ಅಡಗುತ್ತದೆ. ನನ್ನ ಕೋಳಿಗಳ ಕಾಲು ಕಪ್ಪು, ಆದ್ದರಿಂದ ಅಡಗಿಸಿದ್ದಲ್ಲ, ಕಪ್ಪು ಮಾಡುವ ಗುಣವೇ ಅವಕ್ಕೆ ಬಂದಿಲ್ಲ. ತಾಯಿ ಶುದ್ಧವಾಗಿದ್ದರೆ ಯಾವ ಊರಿನ ಹುಂಜ ಹಾರಿ ಬಂದರೂ ಪ್ರತಿ ಮರಿಗೂ ತಾಯಿಯ ಪಾಲು ಬರಲೇಬೇಕು. ಬಂದಿಲ್ಲ ಎಂದರೆ ಹೇಂಟೆಯೇ ಅರೆತಳಿ. "ಕಾಲು ನೋಡಿ" ಎಂದು ಅವನೇ ಹೇಳಿದ್ದನಲ್ಲ, ಆ ಕಾಲೇ ಅವನ ವಿರುದ್ಧ ಸಾಕ್ಷಿ. ಇದನ್ನು ಬರೆದು ಕಳಿಸಿದೆ. ನೀಲಿ ಗೆರೆ ಬಿತ್ತು, ಉತ್ತರವಿಲ್ಲ.

ಈಗ ಛಾಪಾ ಕಾಗದ. ಹಾಗಾದರೆ ಒಪ್ಪಂದದಂತೆ ವಾಪಸ್ ಕೊಳ್ಳಿ ಎಂದು ಕೋಳಿಗಳನ್ನು ಗಾಡಿಗೆ ಹಾಕಿಕೊಂಡು ಅವನ ಫಾರಂಗೇ ಹೋದೆ. ಕೆಲಸದ ಹುಡುಗ ಒಂದೊಂದರ ಕೊಕ್ಕು ಬಿಡಿಸಿ ನೋಡಿದ. ಫಾರಂನವನು ಕುರ್ಚಿಯಿಂದ ಏಳದೆ ಒಪ್ಪಂದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ: ತಳಿಯ ಲಕ್ಷಣ ಪೂರ್ತಿ ಇರುವ ಕೋಳಿಗಳನ್ನು ಮಾತ್ರ ಕೊಳ್ಳಲಾಗುವುದು. "ಇವು ಶುದ್ಧ ಕಡಕ್‌ನಾಥ್ ಅಲ್ಲ ಸಾರ್, ನಾವು ಇಂಥ ಮಾಲು ಮುಟ್ಟುವುದಿಲ್ಲ." ಯಾರ ಮೊಟ್ಟೆಯಿಂದ ಎದ್ದ ಮರಿ ಇವು? ಯಾರ ಹುಂಜ? ಮಾರುವಾಗ ನೂರಕ್ಕೆ ನೂರು ಶುದ್ಧ, ಕೊಳ್ಳುವಾಗ ಅಶುದ್ಧ! ಎಷ್ಟು ನಿರ್ಭಿಡೆಯಿಂದ ಹೇಳಿದ ಎಂದರೆ ಒಂದು ಕ್ಷಣ ನನಗೇ ಮಾತು ಹೊರಡಲಿಲ್ಲ. ಇಂಥ ವಾಪಸ್ ಕೊಳ್ಳುವ ಭರವಸೆ ನಂಬಿಯೇ ಮಹಾರಾಷ್ಟ್ರದ ಸಾಂಗ್ಲಿ ಕಡೆಯ ಕಡಕ್‌ನಾಥ್ ರೈತರು 2019ರಲ್ಲಿ ಪೊಲೀಸ್ ಠಾಣೆ ಹತ್ತಿದ್ದರು.

ಆ ಪ್ರಮಾಣಪತ್ರವೂ ಅಷ್ಟೇ. ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಅದರ ಪ್ರತಿಯನ್ನೇ ಇವನು ಹೊದಿಸಿ ಇಟ್ಟಿದ್ದಾನೆ. ಅದು ಮಧ್ಯಪ್ರದೇಶದ ಆ ಸೀಮೆಯ ಮಾಂಸಕ್ಕೆ ಸಿಕ್ಕ ಗುರುತು. ಇಲ್ಲಿ ಇವನ ಗೂಡಿನಲ್ಲಿರುವ ಹುಂಜದ ಜಾತಕವಲ್ಲ.

ಕೊಳ್ಳಲೇಬೇಕು ಎನ್ನುವವರು ಹುಂಜದ ಬಾಯಿ ನೋಡಿ ಮರುಳಾಗಬೇಡಿ, ಅದೇ ಜೋಡಿಗೆ ಹುಟ್ಟಿ ಬೆಳೆದ ಮರಿಗಳನ್ನು ತೋರಿಸು ಎನ್ನಿ. ಒಂದೆರಡಲ್ಲ, ಇಡೀ ಹಿಂಡು. ಜುಟ್ಟು ಕಡುಗೆಂಪಾಗಿದ್ದರೆ ಅದರ ಎದೆಯ ಗರಿ ಸರಿಸಿ ನೋಡಿ. ಕಪ್ಪು ಮೊಟ್ಟೆ, ಕಪ್ಪು ರಕ್ತ ಎಂದು ಶುರು ಮಾಡಿದರೆ ಎದ್ದು ಬನ್ನಿ. ಮೊಟ್ಟೆ ತಿಳಿಗಂದು, ರಕ್ತ ಕೆಂಪು. ಝಾಬುವಾದ ಕೃಷಿ ವಿಜ್ಞಾನ ಕೇಂದ್ರವೇ ಮರಿ ಕೊಡುತ್ತದೆ, ದೂರವಾದರೂ ಅಲ್ಲಿ ವಿಚಾರಿಸಿ. ಒಪ್ಪಂದವನ್ನು ಕೊನೆಯ ಸಾಲಿನಿಂದ ಓದಲು ಶುರು ಮಾಡಿ.

ಹಣ ಕಳಿಸಿದ ರಸೀದಿ, ಒಪ್ಪಂದ, ಅವನ ಧ್ವನಿ ಸಂದೇಶಗಳು ಎಲ್ಲವೂ ನನ್ನ ಬಳಿ ಇವೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಸಿದ್ಧವಾಗುತ್ತಿದೆ. ದಾವಣಗೆರೆ ಕಡೆಯಿಂದ ಇದೇ ರೀತಿ ಸೆಟ್ಟು ತಂದವರ ಮನೆಯಲ್ಲಿ ಬಿಳಿ ಚರ್ಮದ ಮರಿ ಎದ್ದಿದ್ದರೆ ಫೋಟೋ ತೆಗೆದಿಡಿ, ಕೋಳಿಯನ್ನು ಸಾರಿಗೆ ಹಾಕಬೇಡಿ, ನನಗೆ ತಿಳಿಸಿ.