ಮರದ ಕ್ಯಾಮೆರಾದ ಫೋಕಸ್ ರಿಪೇರಿ: ಹೊಸ ಪಿನಿಯನ್ನೋ, ಹಳೆ ರ‍್ಯಾಕೋ?

ಹಳೆ ಮರದ ಪ್ಲೇಟ್ ಕ್ಯಾಮೆರಾ ಇಟ್ಟುಕೊಂಡವರಿಗೆ ಈ ತೊಂದರೆ ಇಂದಲ್ಲ ನಾಳೆ ಬಂದೇ ಬರುತ್ತದೆ. ಫೋಕಸ್ ಗುಂಡಿ ತಿರುಗಿಸಿದರೆ ಒಂದು ಜಾಗದಲ್ಲಿ ಕಚ್ಚಿಕೊಳ್ಳುತ್ತದೆ, ಇನ್ನೊಂದು ಜಾಗದಲ್ಲಿ ಟಕ್ ಅಂತ ಜಾರುತ್ತದೆ. ಕಾಸರಗೋಡಿನಲ್ಲಿ ಕೂತು ಇದನ್ನು ಸರಿ ಮಾಡಿಕೊಳ್ಳಲು ನನಗೆ ಕಂಡ ದಾರಿ ಮೂರು. ತ್ರೀಡಿ ಪ್ರಿಂಟ್‌ನಲ್ಲಿ ನೈಲಾನ್ ಪಿನಿಯನ್ (ಗುಂಡಿಯ ಜೊತೆ ತಿರುಗುವ ಸಣ್ಣ ಹಲ್ಲುಗಾಲಿ) ತೆಗೆಸುವುದು, ಲೇತ್‌ನವರ ಹತ್ತಿರ ಹಿತ್ತಾಳೆ ಪಿನಿಯನ್ ಮಾಡಿಸುವುದು, ಇಲ್ಲವೇ ಇದ್ದ ರ‍್ಯಾಕನ್ನೇ (ಅದು ಓಡುವ ಹಲ್ಲಿನ ಪಟ್ಟಿಯನ್ನೇ) ಬಿಚ್ಚಿ ತೊಳೆದು, ತುದಿ ಬದಲಿಸಿ ಕೂರಿಸುವುದು. ಮೂರನ್ನೂ ಒಂದೇ ಕ್ಯಾಮೆರಾದಲ್ಲಿ ಮಾಡಿ ನೋಡಿದ್ದೇನೆ. ಗೆದ್ದದ್ದು ಕೊನೆಯದು. ಅದೂ ಸ್ವಲ್ಪದರಲ್ಲಿ ಅಲ್ಲ, ಚೆನ್ನಾಗಿಯೇ ಗೆದ್ದಿತು.

ಕ್ಯಾಮೆರಾ ಹಾಫ್ ಪ್ಲೇಟ್ (ಪ್ಲೇಟಿನ ಒಂದು ಅಳತೆ) ವಾಗೀಶ್ವರಿ. ಆಲಪ್ಪುಳದಲ್ಲಿ ಕೆ. ಕರುಣಾಕರನ್ 1940ರ ದಶಕದಲ್ಲಿ ಮಾಡಲು ಶುರು ಮಾಡಿದ ಕ್ಯಾಮೆರಾ. ನನ್ನದು ಕುಂಬಳೆ ಕಡೆಯ ಒಂದು ಮುಚ್ಚಿಹೋದ ಸ್ಟುಡಿಯೋದಿಂದ ಬಂತು. ಮರ ಗಟ್ಟಿಯಾಗಿದೆ, ಬೆಲ್ಲೋಸ್‌ಗೆ (ಲೆನ್ಸಿನ ಹಿಂದಿನ ಮಡಿಕೆ ಚೀಲಕ್ಕೆ) ತೂತಿಲ್ಲ. ಫೋಕಸ್ ಮಾತ್ರ ಕೆಟ್ಟಿತ್ತು.

ಮೊದಲು ಎಲ್ಲಿ ಸವೆಯುತ್ತದೆ ಅಂತ ನೋಡಬೇಕು. ಹಾಸಿನ (ಲೆನ್ಸ್ ಹಲಗೆ ಹಿಂದೆ ಮುಂದೆ ಜಾರುವ ಅಡಿಹಲಗೆಯ) ಎರಡೂ ಬದಿಗೆ ಹಲ್ಲಿರುವ ಹಿತ್ತಾಳೆ ಪಟ್ಟಿ ಇರುತ್ತದೆ, ಅದು ರ‍್ಯಾಕ್. ಅಡ್ಡಕ್ಕೊಂದು ಸರಳು, ಅದರ ಎರಡು ತುದಿಯಲ್ಲಿ ಸಣ್ಣ ಹಲ್ಲುಗಾಲಿ, ಅದು ಪಿನಿಯನ್. ನನ್ನ ಲೆನ್ಸ್ 210 ಮಿಲಿಮೀಟರಿನದು. ದೂರದ ಗುಡ್ಡದಿಂದ ಎರಡು ಮೀಟರ್ ಹತ್ತಿರದ ಮುಖಕ್ಕೆ ಫೋಕಸ್ ಬದಲಿಸಿದರೆ ಲೆನ್ಸ್ ಮುಂದೆ ಹೋಗುವುದು ಸುಮಾರು 25 ಮಿಲಿಮೀಟರ್, ಅಷ್ಟೇ. ಅಂದರೆ ವರ್ಷಗಟ್ಟಲೆ ಮದುವೆ ಫೋಟೋ, ಶಾಲೆಯ ಗ್ರೂಪ್ ಫೋಟೋ ತೆಗೆದ ಕ್ಯಾಮೆರಾದಲ್ಲಿ ದುಡಿದದ್ದೆಲ್ಲ ರ‍್ಯಾಕಿನ ಒಂದೇ ಇಂಚು, ಹತ್ತು ಹಲ್ಲು. ಉಳಿದ ಹಲ್ಲುಗಳು ಹೆಚ್ಚುಕಡಿಮೆ ಹೊಸದೇ. ಭೂತಗನ್ನಡಿ ಹಿಡಿದು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಆ ಇಂಚಿನಲ್ಲಿ ಹಲ್ಲಿನ ತುದಿ ತೆಳುವಾಗಿ ಒಂದು ಮಗ್ಗುಲಿಗೆ ವಾಲಿರುತ್ತದೆ, ಆಚೀಚೆ ಹಲ್ಲುಗಳ ಅಂಚು ಹರಿತವಾಗಿಯೇ ಇರುತ್ತದೆ.

ಈಗ ನೈಲಾನ್ ಪಿನಿಯನ್. ಮಂಗಳೂರಿನಲ್ಲಿ ಪ್ರಿಂಟ್ ಮಾಡಿಸಿದೆ. ಹಾಕಿದ ದಿನ ಇದರಷ್ಟು ನಯ ಇನ್ನೊಂದಿಲ್ಲ ಅನ್ನಿಸಿತು. ಎಣ್ಣೆಯೇ ಬೇಡ, ಸದ್ದೂ ಇಲ್ಲ. ಖರ್ಚೂ ಕಡಿಮೆ. ಆದರೆ ನೈಲಾನ್ ಗಾಳಿಯ ತೇವ ಹೀರುತ್ತದೆ, ಹೀರಿ ಸ್ವಲ್ಪ ಊದುತ್ತದೆ. ಆಟಿ ತಿಂಗಳ ಮಳೆ ಹಿಡಿದ ಮೇಲೆ ಅದೇ ಪಿನಿಯನ್ ರ‍್ಯಾಕಿನೊಳಗೆ ಬಿಗಿಯಾಯಿತು. ಗುಂಡಿ ತಿರುಗಿಸಲು ಎರಡು ಬೆರಳು ಸಾಕಾಗಿದ್ದದ್ದು, ಇಡೀ ಕೈ ಬೇಕಾಯಿತು. ಒಣ ಹವೆಯ ಊರಿನವರಿಗೆ ಇದು ನಡೆಯಬಹುದು, ಕರಾವಳಿಗೆ ಅಲ್ಲ. ಪಿಎಲ್‌ಎ ಅನ್ನುವ ಅಗ್ಗದ ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ. 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಕಾವು ಏರುವುದು ಕಷ್ಟವೇನಲ್ಲ. ಪ್ರಿಂಟ್ ಮಾಡಿದ ಪಿನಿಯನ್‌ಗೆ ನಾನು ಕೊಡುವ ಕೆಲಸ ಒಂದೇ: ಹಿತ್ತಾಳೆ ಕತ್ತರಿಸುವ ಮೊದಲು ಹಲ್ಲಿನ ಅಳತೆ ಸರಿಯಿದೆಯಾ ಅಂತ ನೋಡಲು ಅದು ಒಳ್ಳೆಯ ಮಾದರಿ.

ಹಿತ್ತಾಳೆಯದಕ್ಕೆ ಲೇತ್ ಅಂಗಡಿಗೆ ಹೋದೆ. ಅಲ್ಲಿಯವರು ರ‍್ಯಾಕಿನ ಹತ್ತು ಹಲ್ಲನ್ನು ವರ್ನಿಯರ್‌ನಲ್ಲಿ ಅಳೆದು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮಾಷ್ಟ್ರೇ, ಇದು ಈಗಿನ ಮೊಡ್ಯೂಲ್ ಅಲ್ಲ. ಇಂಚಿನ ಲೆಕ್ಕದ ಹಲ್ಲು. ನನ್ನ ಹತ್ರ 0.8ರ ಕಟ್ಟರ್ ಉಂಟು, ಆದ್ರೆ ಸರಿಯಾಗಿ ಕೂರ್ಲಿಕ್ಕಿಲ್ಲ."

ಅವರ ಮಾತು ಸರಿ. ಮೊಡ್ಯೂಲ್ ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ ಹೇಳುವ ಹಲ್ಲಿನ ಗಾತ್ರ, ಡಿ.ಪಿ. ಅಂದರೆ ಇಂಚಿನ ಲೆಕ್ಕದಲ್ಲಿ ಹೇಳುವುದು. ಹಳೆ ಇಂಚಿನ ಪದ್ಧತಿಯ 32 ಡಿ.ಪಿ. ರ‍್ಯಾಕಿನಲ್ಲಿ ಹತ್ತು ಹಲ್ಲು ಅಂದರೆ 24.94 ಮಿ.ಮೀ. ಮೊಡ್ಯೂಲ್ 0.8ರಲ್ಲಿ ಅದೇ ಹತ್ತು ಹಲ್ಲು 25.13 ಮಿ.ಮೀ. ವ್ಯತ್ಯಾಸ ಕೂದಲೆಳೆಯಷ್ಟೇ ಅನ್ನಿಸುತ್ತದೆ ಅಲ್ವಾ? ಆದರೆ ಬೆರಳಿಗೆ ಗೊತ್ತಾಗುತ್ತದೆ. 0.8ರ ಪಿನಿಯನ್ ಮಾಡಿಸಿಯೇ ನೋಡಿದೆ. ತಿರುಗಿತು, ಜಾರಲಿಲ್ಲ, ಆದರೆ ಪ್ರತಿ ಹಲ್ಲಿಗೂ ಒಂದು ಸಣ್ಣ ಕುಲುಕಾಟ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಗ್ರೌಂಡ್ ಗ್ಲಾಸ್ (ಚಿತ್ರ ಮೂಡುವ ಹಿಂಬದಿಯ ಮಬ್ಬು ಗಾಜು) ಮೇಲೆ ಕಣ್ಣಿನ ರೆಪ್ಪೆ ಚೂಪಾಗುವ ಆ ಒಂದು ಬಿಂದು ಹುಡುಕುವಾಗ ಈ ಕುಲುಕಾಟ ತುಂಬ ಕಿರಿಕಿರಿ. ಸವೆದ ರ‍್ಯಾಕಿನ ಮೇಲೆ ಹೊಸ ಪಿನಿಯನ್ ಹಾಕುವುದೇ ಅರ್ಧ ಕೆಲಸ. ಎರಡನ್ನೂ ಒಟ್ಟಿಗೆ ಮಾಡಿಸಿದರೆ ಮಾತ್ರ ಚೆನ್ನ, ಆಗ ಖರ್ಚು ಕ್ಯಾಮೆರಾದ ಬೆಲೆಯ ಹತ್ತಿರ ಬರುತ್ತದೆ.

ಮೂರನೆಯದಕ್ಕೆ ಬೇಕಾದ್ದು ಸ್ಕ್ರೂಡ್ರೈವರ್, ಹಳೆ ಟೂತ್‌ಬ್ರಷ್, ಹಲ್ಲುಕಡ್ಡಿ ಮತ್ತು ಒಂದು ರಜಾದಿನ. ರ‍್ಯಾಕ್ ಬಿಚ್ಚಿದಾಗ ಹಲ್ಲಿನ ಸಂದಿಯಲ್ಲೆಲ್ಲ ಹಸಿರು ಮೇಣದ ಹಾಗೆ ಕೂತಿತ್ತು. ಇದು ಬರೀ ಧೂಳಲ್ಲ. ಹಳೆ ಎಣ್ಣೆ, ಗ್ರೀಸಿನ ಹುಳಿ ಅಂಶ ಹಿತ್ತಾಳೆಯ ತಾಮ್ರದ ಜೊತೆ ಸೇರಿ ಆಗುವ ಕಿಲುಬು. ಹಲ್ಲಿನ ಬುಡದಲ್ಲಿ ಇದು ತುಂಬಿಕೊಂಡರೆ ಪಿನಿಯನ್ ಪೂರ್ತಿ ಇಳಿಯುವುದಿಲ್ಲ. ತುದಿಗೆ ತುದಿ ತಾಗಿ ಜಾರುತ್ತದೆ. ಜಾರಾಟ ಎಲ್ಲವೂ ಸವೆತದ್ದಲ್ಲ, ಅರ್ಧ ಈ ಹಸಿರಿನದ್ದು. ಚಿಮಿಣಿ ಎಣ್ಣೆಯಲ್ಲಿ ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಬ್ರಷ್‌ಗೆ ಬಿಡುತ್ತದೆ. ಬುಡದಲ್ಲಿ ಉಳಿದದ್ದನ್ನು ಹಲ್ಲುಕಡ್ಡಿಯಿಂದ ಒಂದೊಂದಾಗಿ ತೆಗೆಯಬೇಕು. ಸ್ಪಿರಿಟ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ರ‍್ಯಾಕ್ ಮರದ ಮೇಲೆ ಇರುವಾಗ ಅದನ್ನು ಮುಟ್ಟಲೇಬೇಡಿ. ಹಳೆ ಕ್ಯಾಮೆರಾಗಳಿಗೆ ಹೆಚ್ಚಾಗಿ ಅರಗಿನ ಪಾಲಿಶ್ ಇರುತ್ತದೆ, ಸ್ಪಿರಿಟ್ ಬಿದ್ದ ಕಡೆ ಅದು ಕರಗಿ ಎದ್ದು ಬರುತ್ತದೆ.

ತೊಳೆದ ಮೇಲೆ ಎರಡೂ ರ‍್ಯಾಕನ್ನು ತುದಿ ಬದಲಿಸಿ ಹಾಕಿದೆ. ಹಿಂದಿದ್ದದ್ದು ಮುಂದೆ, ಮುಂದಿದ್ದದ್ದು ಹಿಂದೆ. ಸ್ಕ್ರೂ ತೂತುಗಳು ಎರಡು ತುದಿಯಿಂದಲೂ ಒಂದೇ ದೂರದಲ್ಲಿದ್ದರೆ ಮಾತ್ರ ಇದು ಸುಲಭ. ನನ್ನದರಲ್ಲಿ ಇದ್ದವು. ಒಂದನ್ನು ಮಾತ್ರ ತಿರುಗಿಸಬಾರದು. ಎಡ ಬಲದ ಹಲ್ಲುಗಳು ಒಂದಕ್ಕೊಂದು ನೇರ ಬರದೆ ಹೋಗಬಹುದು. ಹೀಗೆ ಮಾಡಿದರೆ ದಿನಾ ದುಡಿಯುವ ಇಂಚಿಗೆ ಹೊಸ ಹಲ್ಲು ಬರುತ್ತದೆ, ಸವೆದ ಹಲ್ಲು ಎಂದೂ ಬಳಸದ ತುದಿಗೆ ಹೋಗುತ್ತದೆ. ಆಮೇಲೂ ಪಿನಿಯನ್ ಸ್ವಲ್ಪ ಸಡಿಲ ಅನ್ನಿಸಿದ್ದರಿಂದ ರ‍್ಯಾಕಿನ ಅಡಿಗೆ ಎಕ್ಸ್‌ರೇ ಫಿಲ್ಮಿನ ಪಟ್ಟಿ ಕತ್ತರಿಸಿ ಕೊಟ್ಟೆ. ದಪ್ಪ 0.2 ಮಿ.ಮೀ.ಗಿಂತ ಕಡಿಮೆ, ಪಾಲಿಯೆಸ್ಟರ್ ಆದ್ದರಿಂದ ರಟ್ಟಿನ ಹಾಗೆ ಮಳೆಗಾಲದಲ್ಲಿ ಉಬ್ಬುವುದಿಲ್ಲ. ಕ್ಯಾಮೆರಾಕ್ಕೆ ಅಗ್ಗದ ಫಿಲ್ಮ್ ಅಂತ ಎಕ್ಸ್‌ರೇ ಶೀಟನ್ನೇ ಕತ್ತರಿಸಿ ಬಳಸುವ ನಮ್ಮಂಥವರ ಮನೆಯಲ್ಲಿ ಇದರ ತುಂಡಿಗೆ ಬರವಿಲ್ಲ.

ಇಲ್ಲೊಂದು ವಿಷಯ ಒತ್ತಿ ಹೇಳಬೇಕು. ಗುಂಡಿಯಲ್ಲಿ ಸ್ವಲ್ಪ ಆಟ, ಅಂದರೆ ಸಡಿಲ, ಇದ್ದರೆ ಫೋಟೋಕ್ಕೆ ಏನೂ ಆಗುವುದಿಲ್ಲ. ಫೋಕಸ್ ನೋಡುವುದು ಗ್ರೌಂಡ್ ಗ್ಲಾಸ್‌ನಲ್ಲಿ, ಹಿಡಿದು ನಿಲ್ಲಿಸುವುದು ಲಾಕ್ ಸ್ಕ್ರೂ. 0.1 ಮಿ.ಮೀ. ಮಸುಕನ್ನು ಒಪ್ಪಿಕೊಂಡರೆ ಎಫ್/8ರಲ್ಲಿ (ಲೆನ್ಸಿನ ಬೆಳಕಿನ ಕಿಂಡಿಯ ಒಂದು ಅಳತೆ) ಆಚೀಚೆ 0.8 ಮಿ.ಮೀ. ತಪ್ಪಿದರೂ ನಡೆಯುತ್ತದೆ. ಹಾಗಾಗಿ ಬರೀ ಆಟ ಕಳೆಯಲು ದುಡ್ಡು ಸುರಿಯಬೇಡಿ. ಫೋಟೋ ಕೆಡಿಸುವುದು ಓರೆ. ಎಡ ಪಿನಿಯನ್ ಬಲದ್ದಕ್ಕಿಂತ ಒಂದೇ ಹಲ್ಲು ಮುಂದೆ ಕೂತರೂ ಲೆನ್ಸಿನ ಹಲಗೆ ಎರಡೂವರೆ ಮಿ.ಮೀ. ಓರೆಯಾಗುತ್ತದೆ. ಗ್ರೂಪ್ ಫೋಟೋದಲ್ಲಿ ಎಡಗಡೆಯವರ ಮುಖ ಚೂಪು, ಬಲಗಡೆಯವರದ್ದು ಮಸುಕು. ಪಿನಿಯನ್ ಸರಳು ವಾಪಸ್ ಹಾಕುವಾಗ ಬಡಗಿಯ ಮೂಲೆಮಟ್ಟವನ್ನು ಹಾಸಿಗೂ ಲೆನ್ಸ್ ಹಲಗೆಗೂ ಒತ್ತಿ ಹಿಡಿದು ಹಲ್ಲು ಕೂರಿಸಿ. ಲೇತ್‌ನ ದುಬಾರಿ ಪಿನಿಯನ್‌ಗಿಂತ ಈ ಹತ್ತು ನಿಮಿಷದ ಕೆಲಸ ಜಾಸ್ತಿ ಫಲ ಕೊಟ್ಟಿತು.

ಕಚ್ಚಿಕೊಳ್ಳುವ ತೊಂದರೆಗೆ ಹಿತ್ತಾಳೆ ಕಾರಣವೇ ಅಲ್ಲ. ಅದು ಮರದ್ದು. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುವ ಹಾಗೆ ಹಾಸಿನ ಪಟ್ಟಿಯೂ ಅಡ್ಡಕ್ಕೆ ಹಿಗ್ಗುತ್ತದೆ. ಜಾರಲೆಂದು ಇಲ್ಲಿ ತೆಂಗಿನೆಣ್ಣೆ ಹಚ್ಚುವವರೇ ಹೆಚ್ಚು. ನಮ್ಮೂರ ಬೇಸಗೆಯಲ್ಲಿ ಅದು ಚೆನ್ನಾಗಿಯೇ ಜಾರುತ್ತದೆ, ಆದರೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಮಡಿಕೇರಿಗೆ ಕೊಂಡುಹೋಗಿ ನೋಡಿ, ಹಾಸು ಅಲ್ಲಾಡುವುದಿಲ್ಲ. ಧೂಳೂ ಹಿಡಿಯುತ್ತದೆ. ಸೋಪು ತೇವ ಎಳೆದುಕೊಂಡು ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ. ಸಿಲಿಕಾನ್ ಸ್ಪ್ರೇ ಮರಕ್ಕೆ ಇಳಿದರೆ ಮುಂದೆ ಪಾಲಿಶ್ ನಿಲ್ಲುವುದಿಲ್ಲ. ಮೇಣದಬತ್ತಿ ಸಾಧಾರಣ. ಜೇನುಮೇಣವನ್ನು ತೆಳುವಾಗಿ ಉಜ್ಜಿ ಬಟ್ಟೆಯಿಂದ ತಿಕ್ಕಿದ್ದು ಎಲ್ಲದಕ್ಕಿಂತ ಚೆನ್ನಾಗಿ ನಿಂತಿತು. ಹಿತ್ತಾಳೆ ಹಲ್ಲಿಗೆ ಹೊಲಿಗೆ ಮೆಷಿನ್ ಎಣ್ಣೆ ಸೂಜಿಯ ತುದಿಯಲ್ಲಿ ಒಂದು ಹನಿ, ಸಾಕು.

ಹಲ್ಲು ಮುರಿದೇ ಹೋಗಿದ್ದರೆ ಮಾತು ಬೇರೆ. ಒಂದೇ ಹಲ್ಲಾದರೆ, ಬಳಸದ ತುದಿಗೆ ಅದನ್ನು ದಾಟಿಸಿ ನಿಶ್ಚಿಂತೆಯಿಂದ ಇರಬಹುದು. ಪಿನಿಯನ್ನಿನಲ್ಲೇ ಹಲ್ಲು ಹೋಗಿದ್ದರೆ ಲೇತ್‌ಗೆ ಹೋಗಲೇಬೇಕು. ಆಗ ರ‍್ಯಾಕನ್ನೂ ಬಿಚ್ಚಿ ಜೊತೆಗೆ ಕೊಡಿ, ಹತ್ತು ಹಲ್ಲಿನ ಅಳತೆ ಅವರ ಎದುರಲ್ಲೇ ತೆಗೆಸಿ, 32 ಡಿ.ಪಿ. ಕಟ್ಟರ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಇರುವ ಅಂಗಡಿ ಮಂಗಳೂರಿನಲ್ಲಿ ಹುಡುಕಿ.